ಪುಟ್ಟನ ಮುದ್ದೆ

“ಬೆಣ್ಣೆ ಹಾಕಿದ್ಯಾ ಇಲ್ವಾ, ಅಷ್ಟು ಹೇಳವ್ವ ಸಾಕು.”

“ಕೂಗಬ್ಯಾಡ ಕಣ ನಂಜ. ಬೀದಿಗೆ ಕೇಳ್ತದೆ.”

“ಕೇಳ್ಲಿ ಬುಡು. ನಾನು ಹುಟ್ಟಿದಾಗಿಂದ ನನ್ನ ಮುದ್ದೆಗೆ ನೀನು ಬೆಣ್ಣೆ ಕಲಸಿದ್ದಿಲ್ಲ. ಇದು ನನ್ದಲ್ಲ, ಪುಟ್ಟನ್ದು. ಎಷ್ಟು ದಿವಸದಿಂದ ನಡೀತಾ ಐತೆ ಈ ಕೆಲ್ಸ?”

ಅವ್ವ ಒಲೆಯ ಸೌದೆಯನ್ನು ಹಿಂದಕ್ಕೆಳೆದಳು. ನನ್ನ ಹೆಂಡತಿ ಮಂಗಳಗೌರಿ ಸಾರಿನ ಪಾತ್ರೆ ಹಿಡಿದುಕೊಂಡೇ ನಿಂತಿದ್ದಳು. ಒಲೆಯ ಪಕ್ಕ ಬೇರೆಯಾಗಿ ಮುಚ್ಚಿಟ್ಟಿದ್ದ ಮುದ್ದೆಯನ್ನು ಗೊತ್ತಿಲ್ಲದೆ ನನ್ನ ತಟ್ಟೆಗೆ ಹಾಕಿದ್ದವಳು ಅವಳೇ. ಮುರಿದ ಕೂಡಲೇ ನನ್ನ ಬೆರಳು ಜಾರಿತ್ತು.

ನನ್ನ ತಮ್ಮ ಪುಟ್ಟಮಲ್ಲಪ್ಪ ಹೊರಗೆ ಜಗಲಿಯ ಮೇಲೆ ಕೂತಿದ್ದ. ಆಗ ತಾನೇ ಮೈಸೂರಿನ ಬಸ್ಸಿಳಿದು ಬಂದಿದ್ದ. ಅಲ್ಲಿ ಅವನನ್ನು ಕುಸ್ತಿಯ ಅಖಾಡಕ್ಕೇ ಬಿಟ್ಟಿರಲಿಲ್ಲ. ತಕ್ಕಡಿ ಹತ್ತಿಸಿ, ತೂಕ ಜಾಸ್ತಿ ಅಂತ ಪಕ್ಕಕ್ಕೆ ನಿಲ್ಲಿಸಿ, ಮುಂದಿನವನನ್ನು ಕರೆದರಂತೆ.

ನಮ್ಮ ಕಡೆ ಕುಸ್ತಿಗೆ ತಕ್ಕಡಿ ಇರಲಿಲ್ಲ. ಹಿರಿಯರು ಇಬ್ಬರನ್ನು ಎದುರಿಗೆ ನಿಲ್ಲಿಸಿ, ಕಣ್ಣಲ್ಲೇ ಅಳೆದು ಜೋಡಿ ಕಟ್ಟುತ್ತಿದ್ದರು. ಮೈ ದಪ್ಪ ಇದ್ದಷ್ಟೂ ಮರ್ಯಾದೆ. ಪುಟ್ಟ ಗರಡಿಗೆ ಸೇರಿದಾಗಿನಿಂದ ಮನೆಯ ಹಾಲು, ಬೆಣ್ಣೆ, ತುಪ್ಪ ಎಲ್ಲ ಅವನದೇ. ನನಗೆ ಮಜ್ಜಿಗೆ. ಅದಕ್ಕೆ ನಾನು ಬೇಜಾರು ಮಾಡಿಕೊಂಡವನಲ್ಲ. ಹೊಲದ ಕೆಲಸಕ್ಕೆ ಮಜ್ಜಿಗೆ ಸಾಕು.

ಎಪ್ಪತ್ತಮೂರನೇ ಇಸವಿಯಲ್ಲಿ ಮೈಸೂರಿನಲ್ಲಿ ಆಯ್ಕೆಯ ಕುಸ್ತಿ ಇದೆ, ಗೆದ್ದವನಿಗೆ ಪೊಲೀಸಿನಲ್ಲಿ ಕೆಲಸ ಸಿಗುತ್ತದೆ ಅಂತ ಸುದ್ದಿ ಬಂತು. ಆದರೆ ಅಲ್ಲಿ ತೂಕಕ್ಕೆ ಮಿತಿ ಇತ್ತು, ಪುಟ್ಟ ಇಳಿಯಬೇಕಿತ್ತು. ಪುಟ್ಟನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ನೇಗಿಲು ಹಿಡಿದರೆ ಎತ್ತುಗಳೇ ತಿರುಗಿ ನೋಡುತ್ತಿದ್ದವು. ಅವನಿಗೆ ಇದ್ದದ್ದು ಅದೊಂದೇ ದಾರಿ.

ಹುಣಸೂರಿನ ಹೈಸ್ಕೂಲಿನಲ್ಲಿ ಮಹದೇವಯ್ಯ ಅಂತ ಡ್ರಿಲ್ ಮೇಷ್ಟ್ರು ಇದ್ದರು. ಮಿಲಿಟರಿಯಲ್ಲಿ ಇದ್ದು ಬಂದವರು. ಅವರು ಪುಟ್ಟನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿ, “ಒಂದೇ ಸಮ ಕುಂಟ್ಕೊಂಡು ಓಡಿದ್ರೆ ಇದು ಕರಗಲ್ಲ ಕಣಪ್ಪ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಹುಲಿ ಬೆನ್ನ ಹಿಂದೆ ಇದ್ದಂಗೆ ಓಡು. ಆಮೇಲೆ ಎರಡು ಕಂಬ ನಡಿ. ಉಸಿರು ತಿರುಗಿದ ಮೇಲೆ ಮತ್ತೆ ಓಡು. ಬೆಣ್ಣೆ ತುಪ್ಪ ಬಿಟ್ಟುಬಿಡು” ಅಂದರು.

ನಮ್ಮ ಬಿಳಿಕೆರೆಯಿಂದ ಹುಣಸೂರಿನ ಕಡೆಗೆ ರಸ್ತೆಯುದ್ದಕ್ಕೂ ತಂತಿ ಕಂಬಗಳು. ದಿನಾ ಬೆಳಿಗ್ಗೆ ಪುಟ್ಟ ಒಂದು ಕಂಬ ಓಡಿ ಎರಡು ಕಂಬ ನಡೆಯುತ್ತಿದ್ದ. ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ, “ಏನ್ಲಾ, ಓಡೋದೋ ನಡೆಯೋದೋ, ಒಂದು ತೀರ್ಮಾನ ಮಾಡ್ಲಾ” ಅನ್ನುತ್ತಿದ್ದರು. ಅವನು ತಿರುಗಿ ನೋಡುತ್ತಿರಲಿಲ್ಲ. ಮೊದಮೊದಲು ರಸ್ತೆಯ ಪಕ್ಕ ಕೂತು ವಾಂತಿ ಮಾಡಿದ. ಆಮೇಲೆ ಉಸಿರು ಹಿಡಿತಕ್ಕೆ ಬಂತು. ಕತ್ತಿನ ಮಡಿಕೆ ಹೋಯಿತು. ಚಡ್ಡಿಯ ಲಾಡಿಯನ್ನು ಬಿಗಿದು ಕಟ್ಟಬೇಕಾಯಿತು. ಸೌದೆ ಡಿಪೋದ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿಸಿಕೊಳ್ಳುತ್ತಿದ್ದ. ಮುಳ್ಳು ಇಳಿಯುತ್ತಿತ್ತು.

“ನಿನ್ನ ಸೌದೆ ಲೆಕ್ಕದಲ್ಲಿ ಮಾರಿದ್ರೆ ಒಂದು ಮದುವೆ ಅಡುಗೆ ಆಯ್ತಿತ್ತು. ಈಗ ಬರೀ ನಾಮಕರಣ ಕಣ್ಲಾ” ಅಂದ ಡಿಪೋದವನು. ಪುಟ್ಟ ನಕ್ಕ. ಅವನು ನಕ್ಕಿದ್ದನ್ನು ನಾನು ಕೊನೆಯ ಸಲ ನೋಡಿದ್ದು ಅಲ್ಲೇ ಇರಬೇಕು.

ಆಮೇಲೆ ಮುಳ್ಳು ನಿಂತುಬಿಟ್ಟಿತು. ಅವನು ಇನ್ನೂ ಜೋರಾಗಿ ಓಡಿದ. ಮುಳ್ಳು ಅಲ್ಲೇ. ಒಂದು ವಾರ ಮೇಲಕ್ಕೂ ಹೋಯಿತು. ಮಹದೇವಯ್ಯನವರು ನಮ್ಮ ಮನೆಗೇ ಬಂದು ಜಗಲಿಯ ಮೇಲೆ ನಿಂತು, “ಓಟ ಹಸಿವು ತರ್ತದೆ. ನೀನು ಎಲ್ಲೋ ಕದ್ದು ತಿಂತಿದ್ದೀಯ. ಹಂಗಿದ್ರೆ ನನ್ನ ಹತ್ರ ಬರಬೇಡ” ಅಂದರು.

ಪುಟ್ಟ ಕೊರಳಿನ ಲಿಂಗವನ್ನು ಅಂಗೈಯಲ್ಲಿ ಹಿಡಿದ. “ಇದರಾಣೆಗೂ ಇಲ್ಲ ಸಾರ್. ಮನೆ ಮುದ್ದೆ, ಸಾರು ಬಿಟ್ಟು ಏನೂ ಮುಟ್ಟಿಲ್ಲ.”

ಮೇಷ್ಟ್ರು ನಂಬದೆ ಹೊರಟು ಹೋದರು. ಅವ್ವ ಬಾಗಿಲಲ್ಲೇ ಇದ್ದಳು. ಮಗ ಲಿಂಗ ಹಿಡಿದು ಆಣೆ ಮಾಡಿದ್ದನ್ನು ನೋಡಿದಳು, ಸುಮ್ಮನೆ ಒಳಗೆ ಹೋದಳು.

ಅದೇ ಅವ್ವ ಈಗ ಒಲೆಯ ಕಡೆ ಮುಖ ಮಾಡಿ ಮಾತಾಡಿದಳು.

“ನಿಮ್ಮಪ್ಪ ಹಿಂಗೇ ಇಳಿದಿದ್ದು. ಮೊದಲು ಕತ್ತು, ಆಮೇಲೆ ಕೆನ್ನೆ. ಆಸ್ಪತ್ರೆಯಿಂದ ತರುವಾಗ ನಾನೊಬ್ಬಳೇ ಎತ್ಕೊಂಡು ಬಂದೆ. ಹೆಂಗಸು ನಾನು, ಗಂಡನ್ನ ಎತ್ಕೊಂಡು ಬಸ್ಸಿಳಿದೆ. ಇವನ ಕತ್ತು ನೋಡಿದೆ. ಬೆಣ್ಣೆ ಹಾಕದೆ ಕೈ ನಿಲ್ಲಲಿಲ್ಲ ಕಣ.”

“ಅಪ್ಪನಿಗೆ ಬಂದಿದ್ದು ಕ್ಷಯ. ಇವನು ಓಡ್ತಾ ಇದ್ದ.”

“ನನಗೆ ಎರಡೂ ಒಂದೇ ಥರ ಕಾಣ್ತು.”

ನನ್ನ ಬಾಯಲ್ಲಿ ಇನ್ನೂ ಬೈಗುಳ ಇತ್ತು. ಆದರೆ ಬಾಗಿಲಿಗೆ ಪುಟ್ಟ ಬಂದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನು ನನ್ನ ತಟ್ಟೆಯ ಮುದ್ದೆಯಿಂದ ಒಂದು ತುಂಡು ಮುರಿದು ಮೂಗಿನ ಹತ್ತಿರ ಹಿಡಿದ.

“ನನಗೆ ಗೊತ್ತೇ ಆಗಲ್ವಲ್ಲಣ್ಣ” ಅಂದ.

ಹೆಂಗೆ ಗೊತ್ತಾಗುತ್ತೆ. ಚಿಕ್ಕಂದಿನಿಂದ ಬೆಣ್ಣೆಯಲ್ಲೇ ಕೈಯದ್ದಿದವನು. ಓಡಿ ಬಂದ ಹಸಿವಿಗೆ ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ನುಂಗುತ್ತಿದ್ದ. ಮುದ್ದೆಯನ್ನು ಯಾರು ಅಗಿಯುತ್ತಾರೆ. ಬೆಣ್ಣೆ ಇಲ್ಲದೆ ಬೆಳೆದವನ ಕೈಗೆ ಸಿಕ್ಕಿದ್ದರಿಂದ ಗೊತ್ತಾಯಿತು, ಅಷ್ಟೆ.

ಪುಟ್ಟ ನನ್ನ ಎದುರಿಗೆ ಕೂತ. ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. “ಸಾರು ಬುಡಿ ಅತ್ತಿಗೆ” ಅಂದ. ಮಂಗಳಗೌರಿ ನನ್ನ ಮುಖ ನೋಡಿ ಬಡಿಸಿದಳು. ಅವನು ಪೂರ್ತಿ ಮುದ್ದೆ ತಿಂದ. ಅವಸರ ಮಾಡಲಿಲ್ಲ. ಅವ್ವ ನೋಡುತ್ತಿದ್ದಳು. ಅವಳ ಮುಖದಲ್ಲಿ ಸಮಾಧಾನವೋ ಏನೋ, ನನಗೆ ನೋಡಲು ಮನಸ್ಸಾಗಲಿಲ್ಲ.

ಕೈ ತೊಳೆದು, ಟವಲಿನಲ್ಲಿ ಒಂದು ಜೊತೆ ಬಟ್ಟೆ ಸುತ್ತಿಕೊಂಡು ಹೊರಟ.

“ಎಲ್ಲಿಗ್ಲಾ?” ಅಂದೆ.

“ಹಿಂಗೇ. ರಸ್ತೆ ಕಡೆ.”

ಜಗಲಿಯಿಂದ ನೋಡಿದೆ. ಮೊದಲನೇ ಕಂಬದ ಹತ್ತಿರ ಓಡುತ್ತಾನೇನೋ ಅಂದುಕೊಂಡೆ. ಓಡಲಿಲ್ಲ. ಎಲ್ಲ ಕಂಬಗಳನ್ನೂ ನಡೆದೇ ದಾಟಿದ. ತಿರುವಿನಲ್ಲಿ ಒಂದು ಲಾರಿ ಅಡ್ಡ ಬಂತು. ಅದು ಹೋದ ಮೇಲೆ ರಸ್ತೆಯಲ್ಲಿ ಯಾರೂ ಇರಲಿಲ್ಲ.

“ರಾತ್ರಿ ಊಟದ ಹೊತ್ತಿಗೆ ಬತ್ತಾನಾ?” ಅವ್ವ ಒಳಗಿನಿಂದ ಕೇಳಿದಳು.

“ಬತ್ತಾನೆ” ಅಂದೆ.

ಸಂಜೆ ಅವಳು ಅವನ ಮುದ್ದೆಯನ್ನು ಬೇರೆಯಾಗಿಯೇ ಕಟ್ಟಿ ಮುಚ್ಚಿಟ್ಟಳು. ಬೆಣ್ಣೆ ಹಾಕಿದಳೋ ಇಲ್ಲವೋ ನಾನು ಕೇಳಲಿಲ್ಲ. ಬೆಳಿಗ್ಗೆ ಅದನ್ನು ಎಮ್ಮೆಗೆ ಹಾಕಿದೆವು. ಪುಟ್ಟ ಬರಲಿಲ್ಲ. ಆಮೇಲೂ ಬರಲಿಲ್ಲ.