ಹಾಸಿಗೆ ಅಂಗಡಿಯಲ್ಲಿ ಮೋಟಾರು ರಿಪೇರಿ

ಒಂದೈದು ನಿಮಿಷ ಕೈಯಲ್ಲಿರುವುದನ್ನೆಲ್ಲ ಬಿಟ್ಟು ಇದನ್ನು ಕೇಳಿ, ಆಮೇಲೆ ಬೇಕಾದರೆ ನಮ್ಮನ್ನೇ ಬೈಯಿರಿ.

ನಮ್ಮ ಚಿಕ್ಕಮ್ಮ ನೀರಿನ ಮೋಟಾರು ರಿಪೇರಿ ಮಾಡುತ್ತಾಳೆ. ನಾನು ಅವಳ ಜೊತೆ ಕೆಲಸಕ್ಕಿದ್ದೇನೆ. ಮೋಟಾರು ಓಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ, ಹಿಡಿಯನ್ನು ತನ್ನ ಕಿವಿಗೆ ಒತ್ತಿಕೊಂಡು, ಬೇರಿಂಗ್ ಸವೆದಿದೆಯೋ ಇಲ್ಲವೋ ಹೇಳಿಬಿಡುತ್ತಾಳೆ. ಬಿಚ್ಚುವುದೇ ಬೇಡ. ಬೀದಿಯವರೆಲ್ಲ ಅವಳನ್ನು ಕಿವಿಯಮ್ಮ ಎನ್ನುವುದು ಅದಕ್ಕೇ.

ಹೋದ ತಿಂಗಳು ನಮ್ಮ ರಿಪೇರಿ ಅಂಗಡಿಯ ಎದುರಿಗೆ ಹಾಸಿಗೆ ಅಂಗಡಿ ಬಂತು. ಬಾಗಿಲ ಮೇಲೆ ಎರಡು ಸ್ಪೀಕರು. ‘ಬನ್ನಿ, ನೆಮ್ಮದಿಯಾಗಿ ನಿದ್ದೆ ಮಾಡಿ!’ ಎಂದು ಬೆಳಗ್ಗೆ ಒಂಬತ್ತರಿಂದಲೇ ಕಿರುಚಲು ಶುರು. ಆ ಗಲಾಟೆಯಲ್ಲಿ ಚಿಕ್ಕಮ್ಮ ಒಂದು ಮೋಟಾರಿಗೆ ಕಿವಿಗೊಟ್ಟು, ಸರಿಯಿದೆ ಎಂದು ಕಳಿಸಿದಳು. ಮೂರನೇ ದಿನ ಅದು ಸುಟ್ಟು ಕರಕಲಾಗಿ ವಾಪಸ್ ಬಂತು. ಇಪ್ಪತ್ತು ವರ್ಷದಲ್ಲಿ ಮೊದಲ ತಪ್ಪು!

“ಏನು, ಕಿವಿಯಮ್ಮನಿಗೆ ಕಿವಿ ಹೋಯ್ತಾ?” ಎಂದು ತಂದವನು ನಕ್ಕ. ಚಿಕ್ಕಮ್ಮ ನಗಲಿಲ್ಲ.

ಸೀದಾ ಎದುರಂಗಡಿಗೆ ಹೋದೆವು. ಗಾಜಿನ ಬಾಗಿಲು ನಮ್ಮ ಹಿಂದೆ ಮುಚ್ಚಿಕೊಂಡಿತು ನೋಡಿ, ಎಂಥ ಮೌನ! ಕಿರುಚಾಟವೆಲ್ಲ ಬೀದಿಗೆ, ಒಳಗೆ ಫ್ಯಾನು ತಿರುಗುವುದೂ ಕೇಳುತ್ತಿತ್ತು.

“ಸೌಂಡ್ ಕಮ್ಮಿ ಮಾಡಿ ಸ್ವಾಮಿ, ನನ್ನ ಕೆಲಸ ಕೆಡ್ತಿದೆ.”

“ವ್ಯಾಪಾರ ಅಂದ್ಮೇಲೆ ಸದ್ದು ಇರುತ್ತಮ್ಮಾ,” ಎಂದ ಅಂಗಡಿಯವನು. “ಕಿವಿಗೆ ಹತ್ತಿ ಇಟ್ಕೊಳ್ಳಿ. ನಾನೇ ಕೊಡ್ತೀನಿ, ನಮ್ಮಲ್ಲಿ ಬೇಕಾದಷ್ಟಿದೆ!”

ಚಿಕ್ಕಮ್ಮ ಹೊರಗೆ ಬಂದವಳೇ, “ಮೇಜಿನ ಆ ಕಡೆ ಹಿಡ್ಕೋ” ಎಂದಳು.

ಹತ್ತೇ ನಿಮಿಷದಲ್ಲಿ ನಮ್ಮ ಮೇಜು, ನಾಲ್ಕು ಮೋಟಾರು, ಗ್ರೀಸ್ ಡಬ್ಬಿ ಎಲ್ಲ ಅವನ ಬಿಳೀ ಹಾಸಿಗೆಗಳ ನಡುವೆ ಕೂತವು.

“ಅಯ್ಯಯ್ಯೋ, ಇದೇನಮ್ಮಾ ಇದು? ಕಲೆ ಆಗುತ್ತೆ!”

“ಈ ಬೀದೀಲಿ ಸದ್ದಿಲ್ಲದ ಜಾಗ ಇದೊಂದೇ ಕಣಪ್ಪಾ. ಶ್‌, ಬೇರಿಂಗ್ ಕೇಳಿಸ್ಕೋತಿದೀನಿ.”

ಸಂಜೆಯಾಗುವಷ್ಟರಲ್ಲಿ ಗಿರಾಕಿಗಳು ಮೋಟಾರು ಹೊತ್ತುಕೊಂಡು ಅಲ್ಲಿಗೇ ಬರತೊಡಗಿದರು. ಅಂಗಡಿಯವನು ಕೈಮುಗಿದ. “ದಿನಕ್ಕೆ ಒಂದು ಗಂಟೆ ಸ್ಪೀಕರು ಆಫ್ ಮಾಡ್ತೀನಮ್ಮಾ. ದಯವಿಟ್ಟು ಎತ್ಕೊಂಡು ಹೋಗಿ.”

“ಪೂರ್ತಿ ತೆಗೀರಿ, ಹೋಗ್ತೀನಿ. ಮೋಟಾರು ನಿಮ್ಮ ಟೈಮ್ ಕೇಳ್ಕೊಂಡು ಕೆಡಲ್ಲ.”

ಇವತ್ತು ನಾಲ್ಕನೇ ದಿನ. ಪೊಲೀಸರನ್ನು ಕರೆಯುತ್ತೇನೆ ಎನ್ನುತ್ತಿದ್ದಾನೆ. ಚಿಕ್ಕಮ್ಮ ಈಗಷ್ಟೇ ಇನ್ನೊಂದು ಮೋಟಾರಿನ ಪ್ಲಗ್ ಸಿಕ್ಕಿಸಿದಳು, ಅದೂ ಅವನದೇ ಸಾಕೆಟ್ಟಿಗೆ. ನಾನಂತೂ ಇಲ್ಲಿಂದ ಕದಲುವುದಿಲ್ಲ. ಹೇಳಿ, ನೀವಾಗಿದ್ದರೆ ಆ ಒಂದು ಗಂಟೆಗೆ ಒಪ್ಪಿ ಎದ್ದು ಬರುತ್ತಿದ್ದಿರಾ?