ಕೊರಿಯಾದ ಪಿಕ್ಚರಿನ ಕೊನೆ

ನಿಪ್ಪಾಣಿಯ ಆ ಓಣಿಯಲ್ಲಿ ಯಾವ ಸಿನೆಮಾ ಚಲೋ, ಯಾವುದು ದಂಡ ಎಂದು ತೀರ್ಮಾನಿಸುತ್ತಿದ್ದವಳು ಸೋನಾಬಾಯಿ. ಪೇಪರಿನವರು ಏನಾದರೂ ಬರೆದುಕೊಳ್ಳಲಿ, ಅದನ್ನು ಓದುವವರು ಯಾರು? ಅವಳ ಪಡಸಾಲೆಯಲ್ಲಿ ಹನ್ನೆರಡು ಹೆಂಗಸರು ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ರವಿವಾರ ಬಾಪುಸಾಹೇಬನ ವಿಡಿಯೋ ಪಾರ್ಲರಿನಲ್ಲಿ ನೋಡಿದ್ದನ್ನು ಸೋಮವಾರ ಬೆಳಿಗ್ಗೆ ಅವರೆಲ್ಲರಿಗೂ ಹೇಳುವುದು ಅವಳ ಕೆಲಸ. ಹಾಂಗ್‌ಕಾಂಗಿನ ಹೊಡೆದಾಟದ ಪಿಕ್ಚರಾದರೆ "ಹೊಡತ ಭಾಳ, ಕಥಿ ಸಣ್ಣದು" ಎನ್ನುವಳು. ಇಂಗ್ಲಿಷ್ ದೆವ್ವದ ಪಿಕ್ಚರಿಗೆ "ದೆವ್ವ ಪಾಪ ಸುಮ್ಮನ ನಿಂತಿತ್ತು, ಆ ಹುಡುಗಿ ಚೀರೂದು ಕೇಳೇ ನನಗ ಅಂಜಿಕಿ ಬಂತು" ಎಂದು ತೀರ್ಪು ಕೊಟ್ಟಿದ್ದಳು. ಭಾಷೆ ಬರಬೇಕೆಂದೇನೂ ಇರಲಿಲ್ಲ. ಮುಖ ನೋಡಿದರೆ ಮಾತು ತಿಳಿಯುತ್ತದೆ ಎಂಬುದು ಅವಳ ಹೆಮ್ಮೆ. ಜಂಬ ಎಂದರೂ ತಪ್ಪಿಲ್ಲ.

ಎಂಬತ್ತೊಂಬತ್ತನೆಯ ಇಸವಿಯ ಮಾತು. ಹಡಗಿನ ಕೆಲಸಕ್ಕಿದ್ದ ಬಾಪುಸಾಹೇಬನ ತಮ್ಮ ರಜೆಗೆ ಬಂದಾಗ ಒಂದು ಕ್ಯಾಸೆಟ್ ತಂದಿದ್ದ.

"ಸೋನಕ್ಕಾ, ಇದು ಕೊರಿಯಾದ್ದು. ಹ್ವಾದ ವರ್ಷ ಒಲಿಂಪಿಕ್ಸ್ ಆತಲ್ಲ, ಆ ದೇಶದ್ದು. ನೀವು ನೋಡಿ ಚಲೋ ಐತಿ ಅಂದ್ರ ಹಾಕ್ತೀನಿ. ಇಲ್ಲಾಂದ್ರ ಬ್ಯಾಡ" ಎಂದ ಬಾಪುಸಾಹೇಬ. ಅವಳ ಮಾತಿನ ಮೇಲೆ ಅವನ ಖುರ್ಚಿಗಳು ತುಂಬುತ್ತಿದ್ದವು.

ರವಿವಾರ ಮಧ್ಯಾಹ್ನ ಸೋನಾಬಾಯಿ ಒಬ್ಬಳೇ ಕೂತು ನೋಡಿದಳು. ಹಾಡಿಲ್ಲ, ಹೊಡೆದಾಟವಿಲ್ಲ. ಸಮುದ್ರದ ನಡುವೆ ಒಂದು ನಡುಗಡ್ಡೆ. ಅಲ್ಲಿ ಒಬ್ಬ ಹೆಣ್ಣುಮಗಳು. ಗಂಡ ಆಚೆ ದಡದ ಪಟ್ಟಣಕ್ಕೆ ದುಡಿಯಲು ಹೋದವನು ಬಂದಿಲ್ಲ, ಕಾಗದವೂ ಇಲ್ಲ. ಅವಳು ಮೀನು ಹಸನು ಮಾಡುತ್ತಾಳೆ, ಅತ್ತೆಯ ಕಾಲು ಒತ್ತುತ್ತಾಳೆ, ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಹರವುತ್ತಾಳೆ. ಮೆಣಸಿನಕಾಯಿ ಕಂಡಾಗ ಸೋನಾಬಾಯಿ ಖುರ್ಚಿಯಿಂದ ಮುಂದಕ್ಕೆ ಬಾಗಿದಳು. ಅಷ್ಟು ದೂರದ ದೇಶದವರು ನೆಲದ ಮೇಲೆ ಕೂತು ಉಣ್ಣುತ್ತಾರೆ, ತಲೆಯ ಮೇಲೆ ಗಂಟು ಹೊರುತ್ತಾರೆ ಎಂದರೆ ಏನು ಸೋಜಿಗ! ಕೊನೆಗೊಂದು ದಿನ ಅವಳು ಗಂಟು ಹೊತ್ತು ಹಡಗಿನ ಕಟ್ಟೆಗೆ ಬರುತ್ತಾಳೆ. ಹಡಗು ಕೂಗುತ್ತದೆ. ಮಂಜು ಮುಚ್ಚಿಕೊಳ್ಳುತ್ತದೆ. ಅಷ್ಟೇ, ಪಿಕ್ಚರ್ ಮುಗಿಯಿತು.

"ಕ್ಯಾಸೆಟ್ ಹರಿದೈತೇನ್ರಿ?" ಎಂದು ಕೇಳಿದಳು.

"ಇಲ್ರಿ, ಅದರ ಕೊನಿ ಅಷ್ಟ" ಎಂದ ಬಾಪುಸಾಹೇಬ.

ಸೋಮವಾರ ಅವಳು ಹೇಳತೊಡಗಿದಾಗ ಎಲ್ಲರಿಗಿಂತ ಮೊದಲು ಕೈ ನಿಲ್ಲಿಸಿದವಳು ಕಮಲಾಬಾಯಿ. ಆಕೆಯ ಗಂಡ ಪುಣೆಯ ಕಾರ್ಖಾನೆಗೆ ಹೋಗಿ ನಾಲ್ಕು ವರ್ಷ, ಕಾಗದ ನಿಂತು ಒಂದು ವರ್ಷ. ಓಣಿಗೆಲ್ಲ ಗೊತ್ತಿದ್ದರೂ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

"ಹಡಗ ಕೂಗ್ತು. ಆಮ್ಯಾಲ?" ಎಂದಳು ಕಮಲಾಬಾಯಿ.

ಹನ್ನೆರಡು ಮುಖಗಳು ಸೋನಾಬಾಯಿಯತ್ತ ತಿರುಗಿದ್ದವು. ಗೊತ್ತಿಲ್ಲ ಎನ್ನಲು ಅವಳಿಗೆ ನಾಚಿಕೆಯಾಯಿತು.

"ಆಮ್ಯಾಲೇನು, ಹತ್ತಿದ್ಲು. ಆಚಿ ದಂಡ್ಯಾಗ ಗಂಡ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಅತ್ತರು. ಭಾಳ ಚಲೋ ಪಿಕ್ಚರ್ ಬೇ, ಎಲ್ಲಾರೂ ನೋಡ್ರಿ" ಎಂದುಬಿಟ್ಟಳು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಂಗಳವಾರದಿಂದ ಬಾಪುಸಾಹೇಬ ಕ್ಯಾಸೆಟ್ ಹಾಕಿದ. ಬೀಡಿಗೆ ರಜೆಯಿರುವ ರವಿವಾರ ಎಲ್ಲರೂ ಹೋಗುವುದೆಂದು ಹೆಂಗಸರು ಮಾತಾಡಿಕೊಂಡರು.

ಗುರುವಾರ ಕಮಲಾಬಾಯಿ ಬೀಡಿಗೆ ಬರಲಿಲ್ಲ. ಆಕೆಯ ಮಗ್ಗುಲ ಮನೆಯ ಮುದುಕಿ ಹೊಳೆವ್ವ ಸುದ್ದಿ ತಂದಳು: "ನಾಳೆ ಮುಂಜಾನೆ ಒಂಬತ್ತರ ಬಸ್ಸಿಗೆ ಹೊಂಟಾಳ. ಗಂಡನ್ನ ಹುಡಿಕ್ಯಾಡಾಕ. ನಿನ್ನ ಪಿಕ್ಚರ್ ಆಕಿಗೆ ಧೈರ್ಯ ಕೊಟ್ಟೈತಿ ನೋಡ, ಸೋನಿ."

ಹೇಳಿದ್ದು ಸುಳ್ಳೆಂದು ಒಪ್ಪಿಕೊಳ್ಳಲು ಆ ದಿನವೆಲ್ಲ ಸೋನಾಬಾಯಿಗೆ ನಾಚಿಕೆ ಬಿಡಲಿಲ್ಲ. ತಾನು ನಿಲ್ಲಿಸಿದ ಗಂಡ ದಡದಲ್ಲಿ ಇಲ್ಲದೇ ಹೋದರೆ? ಪುಣೆಯಂಥ ಊರಲ್ಲಿ ಒಬ್ಬಳೇ ಹೆಣ್ಣುಮಗಳು, ಕೈಯಲ್ಲಿ ಹಳೆಯ ಲಕೋಟೆಯ ವಿಳಾಸವೊಂದೇ. ತನ್ನ ಬಾಯಿಚಪಲಕ್ಕೆ ಅವಳ ಬಾಳು ಹಾಳಾಗುವುದು ಬೇಡವೆಂದು ಶುಕ್ರವಾರ ಒಲೆಯ ಮೇಲಿನ ರೊಟ್ಟಿ ಬಿಟ್ಟು ಸ್ಟ್ಯಾಂಡಿಗೆ ಓಡಿದಳು.

ಪುಣೆಗೆ ಹೋಗಲು ಹಿಡಿಯಬೇಕಾದ ಕೊಲ್ಹಾಪುರದ ಬಸ್ಸು ನಿಂತಿತ್ತು. ಕಮಲಾಬಾಯಿ ಟ್ರಂಕು ಕಾಲ ಹತ್ತಿರ ಇಟ್ಟುಕೊಂಡು ಚಹಾ ಕುಡಿಯುತ್ತಿದ್ದಳು.

"ಕಮಲಾ, ಹೋಗಬ್ಯಾಡ. ಸುಳ್ಳ ಹೇಳಿನಿ ನಾ. ಗಂಡ ಎಲ್ಲೂ ನಿಂತಿರಲಿಲ್ಲ. ಆಕಿ ಹಡಗ ಹತ್ತಿದ್ಲೋ ಇಲ್ಲೋ ಅದೂ ನನಗ ತಿಳೀಲಿಲ್ಲ."

"ಗೊತ್ತೈತಿ ಅಕ್ಕಾ. ಬುಧವಾರ ನಾನೂ ನೋಡಿ ಬಂದೆ."

"ನೋಡಿ ಸುಮ್ಮನಿದ್ದೇನ?"

"ಮೊದಲ ನಿನ್ನ ಮ್ಯಾಲ ಭಾಳ ಸಿಟ್ಟ ಬಂತು" ಎಂದಳು ಕಮಲಾಬಾಯಿ. "ಬಾಪುಸಾಹೇಬರು ಟೀವಿ ಬಂದ್ ಮಾಡಿದ್ರೂ ಕೂತಲ್ಲೇ ಕೂತಿದ್ದೆ. ಆಕಿ ಏನಾದ್ಲು, ಏನಾದ್ಲು ಅಂತ ಒಂದ ಚಿಂತಿ. ಗುರ್ತಿಲ್ಲದ ದೇಶದಾಕಿ ಏನಾದ್ಲು ಅಂತ ಇಷ್ಟ ಒದ್ದಾಡತೀನಿ, ನಂದ ಏನಾಗೇತಿ ಅಂತ ಒಂದ ದಿನಾನೂ ಹೋಗಿ ನೋಡಿಲ್ಲಲ್ಲ ಅಕ್ಕಾ ನಾ?"

"ಅಂವ ಸಿಗದಿದ್ರ?"

"ಸಿಗಲಿಲ್ಲ ಅಂತಾದ್ರೂ ತಿಳೀತೈತಿ."

ಕಂಡಕ್ಟರ್ ಕೂಗಿದ. ಸೋನಾಬಾಯಿಯೇ ಟ್ರಂಕು ಎತ್ತಿ ಒಳಗೆ ಇಟ್ಟಳು. ಕಿಟಕಿಯಲ್ಲಿ ಕಮಲಾಬಾಯಿಯ ಮುಖ ಕಂಡಿತು. ಎಷ್ಟೋ ದೇಶದವರ ಮುಖ ಓದಿದ್ದ ಸೋನಾಬಾಯಿಗೆ ಅದರಲ್ಲಿದ್ದದ್ದು ಅಂಜಿಕೆಯೋ ಹುರುಪೋ ತಿಳಿಯಲಿಲ್ಲ. ಬಸ್ಸು ಹೋದ ಮೇಲೆ ಅವಳು ಓಣಿಗೆ ಮರಳಿದಳು.

ಪಡಸಾಲೆಯಲ್ಲಿ ಎಲ್ಲರೂ ಕೆಲಸ ಬಿಟ್ಟು ಕಾಯುತ್ತಿದ್ದರು. ಹೊಳೆವ್ವ ಮೊದಲು ಕೇಳಿದಳು: "ಏನಾತ?"

"ಬಸ್ ಹತ್ತಿದ್ಲು."

"ಆಮ್ಯಾಲ? ಗಂಡ ಸಿಗತಾನಂತೇನ?"

ಸೋನಾಬಾಯಿ ಎಲ್ಲರ ಮುಖ ನೋಡಿದಳು. ಈಗಲೂ ಒಂದು ಒಳ್ಳೆಯ ಕೊನೆ ಅವಳ ನಾಲಿಗೆಯ ತುದಿಗೆ ಬಂದಿತ್ತು.

"ನನಗ ಗೊತ್ತಿಲ್ಲ ಬೇ" ಎಂದಳು.