ಜವಳಕ್ಕೆ ಮೊದಲೇ ಉದುರಿದ ಕೂದಲು

ಮಗುವಿಗೆ ಜ್ವರ ಬಂದರೆ ಯಾರ ಮನೆಯಲ್ಲಾದರೂ ಮೊದಲು ಕಷಾಯ, ಆಮೇಲೆ ಗುಳಿಗೆ. ರಾಯಚೂರು ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದು ಜೀಡಿಮೆಟ್ಲಾದಲ್ಲಿ ನೆಲೆಸಿದ ಬಂಡೆಪ್ಪನ ಮನೆಯಲ್ಲೂ ಹಾಗೇ ಆಯಿತು. ಆದರೆ ಮೂರು ವರ್ಷದ ಮಗ ಸೂಗಪ್ಪನಿಗೆ ಮೂರು ವಾರವಾದರೂ ಜ್ವರ ಬಿಡಲಿಲ್ಲ. ಮುಖ ಬಿಳಿಚಿತು, ಕಾಲ ಮೇಲೆ ನೀಲಿ ಕಲೆ ಎದ್ದವು. ದೊಡ್ಡಾಸ್ಪತ್ರೆಯಲ್ಲಿ ರಕ್ತ ಪರೀಕ್ಷಿಸಿ, ಇದು ರಕ್ತದ ಕ್ಯಾನ್ಸರ್ ಎಂದರು. ಮಕ್ಕಳಲ್ಲಿ ಬಹಳ ಸಲ ವಾಸಿಯಾಗುತ್ತದೆ, ಎರಡೂವರೆ ವರ್ಷ ಔಷಧಿ ತಪ್ಪಿಸಬಾರದು ಅಷ್ಟೇ, ಎಂದರು.

ಒಂದು ತಿಂಗಳಲ್ಲಿ ಜ್ವರ ಹೋಯಿತು. ಹುಡುಗ ಇನ್ನೊಂದು ರೊಟ್ಟಿ ಕೇಳತೊಡಗಿದ. ಆದರೆ ಕೂದಲು ಉದುರತೊಡಗಿತು. ಅಜ್ಜಿ ಅಂಬವ್ವ ಹಾಸಿಗೆಯ ಮೇಲೆ ಬಿದ್ದ ಕೂದಲನ್ನು ಒಂದೊಂದಾಗಿ ಆರಿಸಿಟ್ಟಳು. ಮೊಮ್ಮಗನ ಜವಳ ಇನ್ನೂ ಆಗಿರಲಿಲ್ಲ. ರಾಯಚೂರು ಕಡೆಯ ಮನೆದೇವರಿಗೆ ಕೊಡಬೇಕಾದ ಮೊದಲ ಕೂದಲೆಂದು, ಜಡೆ ಹಾಕಿ ರಿಬ್ಬನ್ ಕಟ್ಟಿ ಕಾಪಾಡಿದ್ದಳು.

"ದೇವರ ಕೂದಲಾ ಹಾಸಗಿ ಮ್ಯಾಲೆ ಬೀಳಾಕತ್ತೈತಿ! ಹುಡುಗ ಆರಾಮ ಆಗ್ಯಾನ, ಸಾಕು ಆ ಸೂಜಿ. ನಾಳೆ ಕಾಚಿಗೂಡದಾಗ ರೈಲು ಹತ್ತೂಣು. ಉಳಿದದ್ದಾದ್ರೂ ದೇವರಿಗೆ ಮುಟ್ಟಲಿ" ಎಂದು ಗಂಟು ಕಟ್ಟಿದಳು.

"ನಾಳೆ ಸೂಜಿ ಐತಲ್ರಿ ಅತ್ತಿ" ಎಂದಳು ಸೊಸೆ ಪ್ರೇಮಾ.

ಕಾರ್ಖಾನೆಯಲ್ಲಿ ದಿನವಿಡೀ ಗುಳಿಗೆ ತುಂಬುವ ಬಂಡೆಪ್ಪನಿಗೆ ಅವ್ವನ ಮುಂದೆ ಮಾತ್ರ ಬಾಯಿಗೆ ಬೀಗ. ಪ್ರೇಮಾ ಜಾಣೆ. ಪಕ್ಕದ ಮನೆಯ ಸಾವಿತ್ರಿಬಾಯಿಯನ್ನು ಕರೆತಂದಳು. ಜೊತೆಗೆ ಅವಳ ಮಗಳು, ಒಂಬತ್ತನೇ ಕ್ಲಾಸಿನ ಕಮಲಾಕ್ಷಿಯೂ ಬಂದಳು. ಸೊಂಟದವರೆಗೆ ಜಡೆ!

"ಈಕಿ ಐದು ವರ್ಷದಾಕಿ ಇದ್ದಾಗ ಇದೇ ಬ್ಯಾನಿ ಇತ್ರಿ. ತಲಿ ಪೂರಾ ಬೋಳಾಗಿತ್ತು" ಎಂದಳು ಸಾವಿತ್ರಿಬಾಯಿ.

ಅಂಬವ್ವ ನಂಬಬೇಕಲ್ಲ! ಜಡೆ ಹಿಡಿದು ಜಗ್ಗಿಯೇ ನೋಡಿದಳು.

"ಅಯ್ಯಯ್ಯ ಅಜ್ಜಿ, ನಂದೇ ಐತ್ರಿ!" ಹುಡುಗಿ ಕಿರುಚಿದಳು. ಮನೆಯೆಲ್ಲ ನಕ್ಕಿತು.

"ಉದುರಿಸಿದ್ದು ಔಷಧ, ದೇವರ ಸಿಟ್ಟಲ್ರಿ. ತಿರುಗಿ ಬರ್ತಾವು" ಎಂದಳು ಸಾವಿತ್ರಿಬಾಯಿ.

"ಹುಡುಗ ಆರಾಮ ಆದ ಮ್ಯಾಲೆ ಸೂಜಿ ಯಾಕ?"

"ಹೊಲದಾಗ ಕರಿಕಿ ಮ್ಯಾಲೆ ಮ್ಯಾಲೆ ಕಿತ್ತರ, ಬೇರು ಹೋಗ್ತಾವೇನ್ರಿ?"

ಅಂಬವ್ವ ಅರ್ಧ ಆಯುಷ್ಯ ಗರಿಕೆ ಹುಲ್ಲು ಕಿತ್ತವಳು. "ಎಲ್ಲಿ ಹೋಗ್ತಾವ? ಒಂದು ಚೂರು ಉಳದ್ರೂ ಹೊಲಾ ತುಂಬ್ತಾವು!"

"ಈ ರೋಗನೂ ಹಂಗ. ನಮ್ಮ ವಾರ್ಡಿನ್ಯಾಗ ಒಂದು ಕೂಸು ಇತ್ತು. ಆರಾಮ ಆತಂತ ಅರ್ಧಕ್ಕ ಬಿಟ್ಟು ಹೋದ್ರು. ತಿರುಗಿ ಬರೂದ್ರಾಗ ಕೈ ಮೀರಿತ್ತು. ಆ ಕೂಸಿನ ಮುಖ ನನಗ ಇನ್ನೂ ಮರೆಯಾಕ ಆಗಿಲ್ರಿ."

ಅಂಬವ್ವ ಸೂಗಪ್ಪನನ್ನು ತೊಡೆಯ ಮೇಲೆ ಎಳೆದುಕೊಂಡಳು, ಕಟ್ಟಿದ ಗಂಟು ಬಿಚ್ಚಿ ಅವನ ಅಂಗಿ ತೆಗೆದು ಪ್ರೇಮಾಳ ಕೈಗಿಟ್ಟಳು.

ಮರುದಿನ ರೈಲು ಹತ್ತಿದವಳು ಅವಳೊಬ್ಬಳೇ. ಉದುರಿದ ಕೂದಲು ಅರಿಶಿನದ ಬಟ್ಟೆಯಲ್ಲಿತ್ತು. ಹುಡುಗ ಆಸ್ಪತ್ರೆಗೆ ಹೋದ. ಗುಡಿಯಲ್ಲಿ ಬೀಗರು "ಮೊಮ್ಮಗ ಎಲ್ಲಿ?" ಎಂದು ಕೇಳಿದರೆ ಅಂಬವ್ವ ಗತ್ತಿನಿಂದ ಹೇಳಿದಳು: "ಅವಗ ಎರಡೂವರೆ ವರ್ಷ ಪುರಸತ್ತಿಲ್ಲ. ಔಷಧ ಮುಗಿಸಿ ಬರ್ತಾನ. ದೇವರಿಗೆ ಹೇಳೀನಿ, ಒಪ್ಪ್ಯಾನ!"

ಅಕ್ಕಂದಿರೇ, ಅಣ್ಣಂದಿರೇ, ಮಗುವಿಗೆ ಬಿಡದ ಜ್ವರ, ಬಿಳಿಚಿದ ಮುಖ, ಕಾರಣವಿಲ್ಲದ ನೀಲಿ ಕಲೆ, ಮೂಳೆ ನೋವು ಕಂಡರೆ ತಡಮಾಡದೆ ರಕ್ತ ಪರೀಕ್ಷೆ ಮಾಡಿಸಿ. ಚಿಕಿತ್ಸೆಯ ನಡುವೆ ಜ್ವರ ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ಖರ್ಚಿಗೆ, ಇರಲು ಜಾಗಕ್ಕೆ ದಾರಿ ಕಾಣದಿದ್ದರೆ ಅಲ್ಲಿನ ಸಮಾಜ ಕಾರ್ಯಕರ್ತರನ್ನು ಕೇಳಿ, ನಾಚಿಕೆ ಬೇಡ. ಮಗು ಆಡತೊಡಗಿತೆಂದು ಔಷಧಿ ಮಾತ್ರ ಬಿಡಬೇಡಿ. ಹರಕೆ ಕಾಯುತ್ತದೆ, ರೋಗ ಕಾಯುವುದಿಲ್ಲ.